ಬೊಟ್ಟಿಟ್ಟ ಉಡಗಳು

ನಾನು ಈ ಊರಿಗೆ ಮನೆ ಅಳಿಯನಾಗಿ ಬಂದವನು. ಬಂದು ಮೂವತ್ತೊಂದು ವರ್ಷವಾಯಿತು. ಮಾವ ಹೋದರು, ಅತ್ತೆ ಹೋದರು, ನನ್ನ ತಲೆಯೂ ನೆರೆಯಿತು, ಆದರೂ ಊರಿನವರ ಬಾಯಲ್ಲಿ ನಾನು ಇವತ್ತಿಗೂ ಅಳಿಮಯ್ಯನೇ. ನನಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ, ಮೊನ್ನೆ ಮಾತು ಕಲಿತ ಮಕ್ಕಳೂ ಹಾಗೇ ಕರೆಯುತ್ತವೆ. ಪರಮೇಶಿ ಎಂಬ ನನ್ನ ಸ್ವಂತ ಹೆಸರು ಕಚೇರಿಯ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಎಷ್ಟು ವರ್ಷ ಒಂದು ಊರಿನ ನೀರು ಕುಡಿದರೂ ಆ ಊರಿಗೆ ಗೊತ್ತಿರುವುದೆಲ್ಲ ನಮಗೆ ಗೊತ್ತಾಗುವುದಿಲ್ಲ. ಇವನಿಗೆ ಗೊತ್ತಿದೆ ಎಂದು ಊರಿನವರು ಅಂದುಕೊಂಡಿರುತ್ತಾರೆ, ಗೊತ್ತಿದೆ ಎಂದು ನಾವೂ ಅಂದುಕೊಂಡಿರುತ್ತೇವೆ. ಅದರಿಂದ ನನ್ನ ಮಗಳು ಮಾದೇವಿಯ ಚೊಚ್ಚಲ ಹೆರಿಗೆಯಲ್ಲಿ ಏನಾಯಿತು ಎನ್ನುವುದನ್ನು ಈಗ ಹೇಳುತ್ತಿದ್ದೇನೆ.

ಊರ ಹಿಂದೆ ಗುಡ್ಡ, ಗುಡ್ಡದ ತುಂಬ ಬಂಡೆ, ಬಂಡೆಯ ಸಂದಿಗಳಲ್ಲಿ ಉಡ. ಈ ಊರಲ್ಲಿ ಹುಟ್ಟಿದವರ ಮೈಮೇಲಾದ ಗಾಯ ಉಡ ನೋಡಿದ ಹೊರತು ಮಾಗುವುದಿಲ್ಲ. ಉಡ ತಲೆಯೆತ್ತಿ, ಸೀಳು ನಾಲಿಗೆಯನ್ನು ಗಾಯದ ಕಡೆಗೆ ಒಮ್ಮೆ ಚಾಚಿ ಒಳಗೆಳೆದುಕೊಂಡರೆ ಸಾಕು, ರಕ್ತ ನಿಲ್ಲುತ್ತದೆ. ಮೂರನೆಯ ದಿನಕ್ಕೆ ಹಕ್ಕಳೆ ಕಟ್ಟಿ ಉದುರುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಉಡಗಳು ಹಿತ್ತಲಲ್ಲಿ ಕೋಳಿಗಳ ಜೊತೆಗೇ ಓಡಾಡಿಕೊಂಡಿದ್ದವು. ಸೊಪ್ಪು ಹೆಚ್ಚುವಾಗ ಬೆರಳು ಕುಯ್ದುಕೊಂಡ ನನ್ನ ಹೆಂಡತಿ ಈರಕ್ಕ ಹಿತ್ತಲ ಬಾಗಿಲಿಗೆ ಹೋಗಿ, ಗೋಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಉಡದ ಮೂತಿಗೆ ಬೆರಳು ಹಿಡಿದು, "ಬೇಗ ನೋಡು ತಾಯಿ, ಒಲೆ ಮೇಲೆ ಸಾರೈತೆ" ಎಂದು ಗದರಿಸಿ ಒಳಗೆ ಬರುತ್ತಿದ್ದಳು. ದೊಡ್ಡ ಗಾಯವಾದರೆ ಮಾತ್ರ ಗುಡ್ಡಕ್ಕೆ ಹೊತ್ತುಕೊಂಡು ಹೋಗಿ ದೊಡ್ಡ ಉಡದ ಸಂದಿಯ ಮುಂದೆ ಕೂರಿಸುವುದು. ಬಾಣಂತಿಯ ಕೋಣೆಗೆ ಒಂದು ಕಿಂಡಿ ಇಲ್ಲದ ಮನೆಯೇ ಊರಲ್ಲಿಲ್ಲ. ಹೆರಿಗೆಯಾದ ಮೇಲೆ ಉಡ ಆ ಕಿಂಡಿಯಲ್ಲಿ ತಲೆ ಹಾಕಿ ತಾಯಿಯನ್ನೊಮ್ಮೆ, ಮಗುವಿನ ಹೊಕ್ಕಳನ್ನೊಮ್ಮೆ ನೋಡಬೇಕು. ಮಾದೇವಿ ಹುಟ್ಟಿದಾಗಲೂ ನೋಡಿತ್ತು.

ಊರು ಬಿಟ್ಟು ಹೋದರೂ ಈ ಕಟ್ಟು ತಪ್ಪುವುದಿಲ್ಲ. ದೂರದ ಪಟ್ಟಣದಲ್ಲಿ ಕೆಲಸಕ್ಕಿದ್ದ ಒಬ್ಬ ಗಡ್ಡ ಹೆರೆಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡ. ಅಲ್ಲಿಯ ವೈದ್ಯರು ಹೊಲಿಗೆ ಹಾಕಿದರಂತೆ, ಸೂಜಿ ಚುಚ್ಚಿದ ಒಂದೊಂದು ತೂತೂ ಒಂದೊಂದು ಗಾಯವಾಯಿತಂತೆ. ಹಾಗಾಗಿ ಇಲ್ಲಿಯವರು ಹೆಚ್ಚಾಗಿ ಊರು ಬಿಡುವುದಿಲ್ಲ, ಹೆಣ್ಣುಮಕ್ಕಳನ್ನು ಊರೊಳಗೇ ಕೊಡುತ್ತಾರೆ. ನನ್ನದು ಮಾತ್ರ ಹೊರಗಿನ ಮೈ. ಗಾಯವಾದರೆ ತಾನೇ ಮಾಗುತ್ತದೆ. ಮದುವೆಯಾದ ವರ್ಷ ನನ್ನ ಮೊಣಕಾಲು ತರಚಿ, ಉಡದ ನೋಟವಿಲ್ಲದೆ ಹಕ್ಕಳೆ ಕಟ್ಟಿದ್ದನ್ನು ನೋಡಲು ಅಕ್ಕಪಕ್ಕದವರು ಬಂದಿದ್ದರು. "ನಿಮ್ಮ ಅಳಿಯ ದುಡ್ಡಿಲ್ಲದೆ ಸಾಮಾನು ತರೋನು ಕಣಮ್ಮ" ಎಂದು ನನ್ನ ಅತ್ತೆಯನ್ನು ಛೇಡಿಸಿದ್ದರು. ನನಗೂ ಆಗ ಅದು ನಗೆಯ ಮಾತಾಗಿತ್ತು.

ಹೊರದೇಶದಲ್ಲಿ ಉಡದ ಚರ್ಮಕ್ಕೆ ಬೇಡಿಕೆ ಬಂತು. ಕೈಗಡಿಯಾರಕ್ಕೆ ಪಟ್ಟಿ ಮಾಡುತ್ತಾರಂತೆ. ಲಾರಿಗಳು ಬಂದವು, ಗೋಣಿಚೀಲ ಬಂದವು, ಯಾರು ಬೇಕಾದರೂ ಎಷ್ಟು ಬೇಕಾದರೂ ಹಿಡಿದು ಮಾರುವಂತಾಯಿತು. ಹೀಗೇ ಬಿಟ್ಟರೆ ಗುಡ್ಡ ಬರಿದಾಗುತ್ತದೆ ಎಂದು ಮೊದಲು ಕೂಗಾಡಿದವನು ನಾನೇ. ಪಂಚಾಯಿತಿಯಲ್ಲಿ ಗುಮಾಸ್ತನಾಗಿದ್ದ ನಾನು ಮೇಲಿನವರಿಗೆ ಅರ್ಜಿಯ ಮೇಲೆ ಅರ್ಜಿ ಬರೆದೆ. ಕೊನೆಗೆ ಊರಿಗೊಂದು ಮಿತಿ ಕಚೇರಿ ಬಂತು, ಅದಕ್ಕೊಬ್ಬ ಸಾಹೇಬರು ಬಂದರು, ನಿಯಮಗಳು ಬಂದವು. ಒಂದೂವರೆ ಮೊಳಕ್ಕಿಂತ ಚಿಕ್ಕ ಉಡ ಹಿಡಿಯಬಾರದು. ಮೊಟ್ಟೆಯಿಡುವ ಎರಡು ತಿಂಗಳು ಗುಡ್ಡ ಹತ್ತಬಾರದು. ಹಿಡಿದ ಪ್ರತಿ ಉಡದ ಹಿಂಗಾಲಿಗೆ ಸೀಸದ ಮುದ್ರೆ ಬೀಳಬೇಕು, ಮುದ್ರೆಯಿಲ್ಲದ್ದು ಲಾರಿ ಹತ್ತಬಾರದು. ಗುಡ್ಡದಲ್ಲಿರುವುದರಲ್ಲಿ ಐದಕ್ಕೆ ಒಂದನ್ನು ಮಾತ್ರ ವರ್ಷಕ್ಕೆ ತೆಗೆದರೆ ಸಂತತಿ ಎಂದೆಂದಿಗೂ ಉಳಿಯುತ್ತದೆ ಎಂದು ಸಾಹೇಬರು ಹೇಳಿದರು. ಆದರೆ ಗುಡ್ಡದಲ್ಲಿ ಎಷ್ಟಿವೆ? ಅದನ್ನು ಎಣಿಸುವ ಕೆಲಸ ನನಗೆ ಬಂತು. ಮೂರು ತಿಂಗಳು ಹೊರಗೆ ಕಳಿಸಿ ಕಲಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎನ್ನುತ್ತಾರಲ್ಲ, ನಾನು ಮೇಯಲಿಲ್ಲ. ಅದೊಂದು ಪುಣ್ಯವೆಂದು ಬಹಳ ದಿನ ನಂಬಿದ್ದೆ.

ಎಣಿಸುವ ಕ್ರಮ ಬಹಳ ಸುಲಭದ್ದು. ಮೊದಲು ಒಂದಿಷ್ಟು ಉಡ ಹಿಡಿದು, ಗುರುತು ಹಾಕಿ ಬಿಡಬೇಕು. ತಿಂಗಳು ಬಿಟ್ಟು ಮತ್ತೆ ಒಂದಿಷ್ಟು ಹಿಡಿಯಬೇಕು. ಎರಡನೆಯ ಸಲ ಸಿಕ್ಕವುಗಳಲ್ಲಿ ಗುರುತಿನವು ಹೆಚ್ಚಿದ್ದರೆ ಗುಡ್ಡದಲ್ಲಿ ಉಡ ಕಡಿಮೆ ಎಂದರ್ಥ, ಗುರುತಿನವು ಕಡಿಮೆಯಿದ್ದರೆ ಉಡ ಬೇಕಾದಷ್ಟಿವೆ ಎಂದರ್ಥ. ಬೆನ್ನಿನ ಮೇಲೆ ಬಣ್ಣ ಹಚ್ಚಬೇಕು ಎಂದು ನನಗೆ ಕಲಿಸಿದ್ದರು. ಆದರೆ ನಮ್ಮ ಉಡಗಳು ಬಂಡೆ ಸಂದಿಗೆ ನುಗ್ಗಿ ಬೆನ್ನುಜ್ಜುತ್ತವೆ, ಬಣ್ಣ ಎರಡು ದಿನ ನಿಲ್ಲುವುದಿಲ್ಲ. ನಾನು ಯೋಚನೆ ಮಾಡಿ ಹಣೆಗೆ ಹಚ್ಚಿದೆ. ಅಂಗಡಿಯಲ್ಲಿ ಕಬ್ಬಿಣದ ಗೇಟಿಗೆ ಬಳಿಯುವ ಕೆಂಪು ಬಣ್ಣ ಮಾತ್ರ ಇತ್ತು, ಅದನ್ನೇ ತಂದೆ. ಉಡ ಹಿಡಿಯುವವರ ಹಿರಿಯ ದುರುಗಪ್ಪ ಒಂದೊಂದನ್ನೇ ಕೊರಳ ಹಿಂದೆ ಅದುಮಿ ಹಿಡಿದುಕೊಂಡ, ನಾನು ಕಡ್ಡಿಯ ತುದಿಯಿಂದ ಒಂದೊಂದಕ್ಕೂ ಕಾಸಿನಗಲದ ಬೊಟ್ಟಿಟ್ಟೆ. ಇನ್ನೂರು ಉಡ. ಮುಗಿದಾಗ ದುರುಗಪ್ಪ ನನ್ನ ಮುಖ ನೋಡಿ, "ಒಳ್ಳೇ ಕೆಲಸ ಮಾಡ್ದೆ ಅಳಿಮಯ್ಯ. ಇಷ್ಟು ದಿವಸಕ್ಕೆ ಒಬ್ಬ ಮಾಡ್ದ" ಎಂದ. ಎಣಿಕೆಯ ಮಹತ್ವ ಇವನಿಗೂ ತಿಳಿಯಿತಲ್ಲ ಎಂದು ನಾನು ಉಬ್ಬಿದೆ.

ಎರಡನೆಯ ಸಲ ದುರುಗಪ್ಪನ ಗುಂಪಿನವರು ಮುನ್ನೂರು ಉಡ ಹಿಡಿದು ತಂದರು. ಅದರಲ್ಲಿ ಬೊಟ್ಟಿದ್ದವು ಮೂರೇ ಮೂರು. ಆ ಮೂರೂ ತಲೆಯ ತುಂಬ ಕೆಸರು ಮೆತ್ತಿಕೊಂಡಿದ್ದವು. ನೀರು ಹಾಕಿ ತೊಳೆದು ನಾನೇ ಬೊಟ್ಟನ್ನು ಕಂಡುಹಿಡಿದೆ, ಕಂಡುಹಿಡಿದೆನೆಂದು ಸಂತೋಷಪಟ್ಟೆ. ಹಿಡಿದು ತಂದವರ ಮುಖ ಆಗ ಕಪ್ಪಿಟ್ಟಿದ್ದನ್ನು ನೋಡಿದೆ, ಬಿಸಿಲಿಗೆ ಇರಬೇಕು ಎಂದುಕೊಂಡೆ. ಇನ್ನೂರನ್ನು ಮುನ್ನೂರರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಇಪ್ಪತ್ತು ಸಾವಿರ. ಗುಡ್ಡದಲ್ಲಿ ಇಪ್ಪತ್ತು ಸಾವಿರ ಉಡ. ಐದರಲ್ಲೊಂದು ಎಂದರೆ ವರ್ಷಕ್ಕೆ ನಾಲ್ಕು ಸಾವಿರ. ನಾನು ಸಹಿ ಹಾಕಿದೆ, ಸಾಹೇಬರು ಮೊಹರು ಒತ್ತಿದರು. ಅದೇ ವಾರ ಈರಕ್ಕ, "ಮಾದೇವಿಗೆ ತಿಂಗಳು ನಿಂತೈತಂತೆ, ಕೇಳಿದ್ರಾ" ಎಂದಳು. ಎರಡು ಬೀದಿ ಆಚೆ, ಮಗ್ಗದ ಮನೆಯ ಗಿರಿಯಪ್ಪನಿಗೆ ಅವಳನ್ನು ಕೊಟ್ಟು ನಾಲ್ಕು ವರ್ಷವಾಗಿತ್ತು. ಆ ದೀಪಾವಳಿಗೆ ನಾನು ಎಲ್ಲರಿಗಿಂತ ಹೆಚ್ಚು ಹಣತೆ ಹಚ್ಚಿದೆ.

ಹಿಡಿಯುವುದು ಶುರುವಾಯಿತು. ಎಲ್ಲ ನಿಯಮದ ಪ್ರಕಾರವೇ. ಉಡದ ನಾಲ್ಕು ಕಾಲನ್ನೂ ಬೆನ್ನಿನ ಮೇಲೆ ಮಡಿಸಿ ಕಟ್ಟಿ, ಬುಟ್ಟಿಯಲ್ಲಿಟ್ಟು ಕಚೇರಿಯ ಕೊಟ್ಟಿಗೆಗೆ ತರುತ್ತಿದ್ದರು. ಕಾಲು ಕಟ್ಟಿದ ಉಡ ಯಾರ ಗಾಯವನ್ನೂ ನೋಡುವುದಿಲ್ಲ. ನಾನು ಕೋಲಿಟ್ಟು ಅಳೆದು ಮುದ್ರೆ ಹಾಕುತ್ತಿದ್ದೆ. ಮೊದಲ ಮೂರು ತಿಂಗಳು ಬುಟ್ಟಿಗಳಿಗೆ ಬರವಿರಲಿಲ್ಲ. ಆಮೇಲೆ ಕಡಿಮೆಯಾಗತೊಡಗಿತು. ಸಾವಿರ ಮುಟ್ಟುವಷ್ಟರಲ್ಲಿ ಹಿಡಿಯುವವರು ಬರಿಗೈಯಲ್ಲಿ ಇಳಿದು ಬರುವ ದಿನಗಳೂ ಬಂದವು. ನಾನು ಅವರನ್ನು ಗದರಿದೆ. ಗುಡ್ಡದಲ್ಲಿ ಇನ್ನೂ ಹತ್ತೊಂಬತ್ತು ಸಾವಿರ ಇವೆ, ನಿಮಗೆ ಹತ್ತಲು ಸೋಮಾರಿತನ ಎಂದೆ. ದುರುಗಪ್ಪ ತಲೆ ಕೆರೆದುಕೊಂಡು, "ಇದ್ರೆ ಕಣ್ಣಿಗೆ ಬೀಳಬೇಕಲ್ಲ ಅಳಿಮಯ್ಯ" ಎಂದ. ಅವನ ಕಣ್ಣಿಗಿಂತ ನನ್ನ ಭಾಗಾಕಾರದ ಮೇಲೆ ನನಗೆ ನಂಬಿಕೆ. ದೊಡ್ಡವು ಸಿಗುತ್ತಿಲ್ಲವೆಂದು ಅಳತೆಯನ್ನು ಒಂದೂವರೆ ಮೊಳದಿಂದ ಒಂದು ಮೊಳಕ್ಕೆ ಇಳಿಸಿದರು. ಅವೂ ಸಿಗದಾದಾಗ ಒಂದು ಗೇಣಿಗೆ ಇಳಿಸಿದರು. ಇಪ್ಪತ್ತು ಸಾವಿರ ಇರುವ ಕಡೆ ಮರಿಗಳನ್ನು ತೆಗೆದರೆ ಏನೂ ನಷ್ಟವಿಲ್ಲ ಎಂದು ಟಿಪ್ಪಣಿ ಬರೆದವನೂ ನಾನೇ. ನಾನು ಕಳ್ಳನಲ್ಲ. ಕಳ್ಳನಾಗಿದ್ದರೆ ಊರು ಉಳಿಯುತ್ತಿತ್ತೇನೋ, ಯಾವ ಕಳ್ಳನಿಗೂ ಅಷ್ಟು ಹಿಡಿಯುವ ಧೈರ್ಯ ಬರುತ್ತಿರಲಿಲ್ಲ.

ಊರು ಬದಲಾದದ್ದು ಮೊದಲು ಅಡುಗೆಮನೆಗಳಲ್ಲಿ. ಹಿತ್ತಲಿಗೆ ಉಡ ಬರುವುದು ನಿಂತ ಮೇಲೆ ಹೆಂಗಸರು ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದರು. ಸೊಪ್ಪನ್ನು ಕೈಯಲ್ಲೇ ಚಿವುಟಿ ಬೇಯಿಸಿದರು, ಬದನೆಕಾಯಿಯನ್ನು ಇಡಿಯಾಗಿ ಸುಟ್ಟರು. ಹಜಾಮ ಅಂಗಡಿಯ ಬಾಗಿಲು ಹಾಕಿ ಹಗ್ಗ ಹೊಸೆಯಲು ಕುಳಿತ. ಗಂಡಸರೆಲ್ಲ ಗಡ್ಡ ಬಿಟ್ಟರು. ತಾಯಂದಿರು ಮಕ್ಕಳ ಉಗುರನ್ನು ಕಲ್ಲಿಗೆ ಉಜ್ಜಿ ಸವೆಸಿದರು, ಮೊಣಕಾಲಿಗೆ ಬಟ್ಟೆ ಸುತ್ತಿ ಹೊರಗೆ ಬಿಟ್ಟರು. ಓಡಬೇಡ ಎನ್ನುವ ಮಾತು ಬೀದಿ ಬೀದಿಯಲ್ಲಿ ಕೇಳುತ್ತಿತ್ತು. ಚಪ್ಪಲಿ ಹೊಲಿಯುವವನು ದಬ್ಬಳದಿಂದ ಅಂಗೈ ಚುಚ್ಚಿಕೊಂಡು ಹದಿನೇಳು ದಿನ ಬಟ್ಟೆ ಬದಲಿಸಿಕೊಂಡು ಬದುಕಿದ. ಹದಿನೆಂಟನೆಯ ದಿನ ಅವನ ಹೆಂಡತಿ ಬಟ್ಟೆ ಒಗೆಯುವುದನ್ನು ನಿಲ್ಲಿಸಿದಳು. ಕುಂಬಾರರ ಮನೆಯಲ್ಲಿ ಒಂದು ಮಗು ಹುಟ್ಟಿ ಹೊಕ್ಕಳಿನಿಂದಲೇ ಬತ್ತಿಹೋಯಿತು, ಹಿಂದೆಯೇ ತಾಯಿಯೂ ಹೋದಳು. ಮೇಲಿನ ಬೀದಿಯಲ್ಲೂ ತಾಯಿ ಮಗು ಎರಡೂ ಹೋದವು. ಸೂಲಗಿತ್ತಿ ಹನುಮಕ್ಕ ಹೊಕ್ಕಳಬಳ್ಳಿ ಕುಯ್ಯುವ ತನ್ನ ಬಾಕನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ನಾನೊಬ್ಬನೇ ನುಣ್ಣಗೆ ಗಡ್ಡ ಹೆರೆದುಕೊಂಡು ಬೀದಿಯಲ್ಲಿ ಓಡಾಡುತ್ತಿದ್ದವನು. ಜನ ನನ್ನ ಕೆನ್ನೆಯನ್ನು ನೋಡಿ ಬೇರೆ ಕಡೆ ತಿರುಗುತ್ತಿದ್ದರು.

ಮಾದೇವಿಗೆ ಏಳು ತಿಂಗಳು ತುಂಬಿದಾಗ ಮನೆಗೆ ಕರೆದುಕೊಂಡು ಬಂದೆವು. ಈರಕ್ಕ ಬಾಣಂತಿಯ ಕೋಣೆಗೆ ಸುಣ್ಣ ಹೊಡೆದು ಕಿಂಡಿಯ ಕಸ ತೆಗೆದಳು. ಆಮೇಲೆ ನನ್ನ ಹತ್ತಿರ ಬಂದು, "ಒಂದೇ ಒಂದು ಉಡ ಮನೇಲಿ ಇರ್ಲಿ. ಎಲ್ಲಿಂದಾದ್ರೂ ತನ್ನಿ" ಎಂದಳು. ತರುತ್ತೇನೆ, ಇಪ್ಪತ್ತು ಸಾವಿರದಲ್ಲಿ ಒಂದು ಸಿಗುವುದಿಲ್ಲವೇ ಎಂದೆ. ಮಾರನೆಯ ಬೆಳಿಗ್ಗೆ ದುರುಗಪ್ಪನನ್ನು ಕರೆದುಕೊಂಡು ನಾನೇ ಗುಡ್ಡ ಹತ್ತಿದೆ. ಅವನ ಬಲಗೈಗೆ ಉಡ ಕಚ್ಚಿ ತಿಂಗಳಾಗಿತ್ತು. ಕಚ್ಚಿದ ಉಡವೇ ನೋಡದೆ ಬುಟ್ಟಿ ಸೇರಿತ್ತು. ಹಲ್ಲು ಆಳಕ್ಕಿಳಿಯದ ಗಾಯವಾದ್ದರಿಂದ ಜೀವ ಉಳಿದಿತ್ತು, ಆದರೂ ಅಂಗೈಗೆ ಬಿಗಿದಿದ್ದ ಬಟ್ಟೆ ಒದ್ದೆಯಾಗಿ ಕಪ್ಪಗಿತ್ತು.

ಮಧ್ಯಾಹ್ನದವರೆಗೆ ಒಂದು ಉಡವೂ ಕಾಣಲಿಲ್ಲ. ಸಂದಿಗಳಲ್ಲಿ ಜೇಡರ ಬಲೆ ಕಟ್ಟಿತ್ತು. ಕೊನೆಗೆ ನೆತ್ತಿಯ ದೊಡ್ಡ ಬಂಡೆಯ ಕೆಳಗೆ ಒಂದು ಕಂಡಿತು. ಒಂದೂವರೆ ಮೊಳದ ಒಳ್ಳೆಯ ಉಡ, ಹಣೆಯ ಮೇಲೆ ಮಾಸಿದ ಕೆಂಪು ಬೊಟ್ಟು. ನನಗೆ ಹೋದ ಜೀವ ಬಂದಂತಾಯಿತು. "ಹಿಡಿ ದುರುಗಪ್ಪ, ಬೇಗ" ಎಂದೆ. ದುರುಗಪ್ಪ ಹಿಡಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಬಟ್ಟೆ ಸುತ್ತಿದ ಕೈಯನ್ನೂ ಸೇರಿಸಿ ನಮಸ್ಕಾರ ಮಾಡಿದ.

"ಇದು ಬಿಟ್ಟಿರೋದು, ಅಳಿಮಯ್ಯ. ಮುಟ್ಟಂಗಿಲ್ಲ."

"ಯಾರು ಬಿಟ್ಟಿದ್ದು?"

"ನೀನೇ ಅಲ್ವಾ ಬಿಟ್ಟಿದ್ದು. ಬೊಟ್ಟು ನೀನೇ ಇಟ್ಟೆ."

ಆಗ ಅವನು ಹೇಳಿದ್ದನ್ನು ಈ ಊರಿನ ಐದು ವರ್ಷದ ಮಗುವೂ ಹೇಳುತ್ತಿತ್ತು. ಸಾಯುವಂಥ ಗಾಯದಿಂದ ಒಬ್ಬರನ್ನು ಉಳಿಸಿದ ಉಡಕ್ಕೆ ಮನೆಯವರು ಹಣೆಗೆ ಕೆಮ್ಮಣ್ಣಿನ ಬೊಟ್ಟಿಟ್ಟು ಬಿಡುತ್ತಾರೆ. ಅಲ್ಲಿಗೆ ಅದರ ದುಡಿಮೆ ಮುಗಿಯಿತು. ಬೊಟ್ಟು ಇರುವ ತನಕ ಅದನ್ನು ಹಿಡಿಯಬಾರದು, ಹೊಡೆಯಬಾರದು, ಇನ್ನೊಂದು ಗಾಯ ನೋಡೆಂದು ಕೇಳಲೂ ಬಾರದು. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ನಡೆಯುವ ಸಂಗತಿ ಅದು. ನಾನು ಬಂದ ಮೇಲೆ ನಡೆದದ್ದನ್ನು ನೋಡಿರಲಿಲ್ಲ, ಯಾರೂ ಹೇಳಿರಲಿಲ್ಲ. ಮನೆ ಅಳಿಯನಿಗೆ ಹೆಂಡತಿ ಹೇಳಿರುತ್ತಾಳೆ ಎಂದು ಊರು ಅಂದುಕೊಂಡಿತ್ತು.

"ಎರಡನೇ ಸಲ ಮುನ್ನೂರು ಹಿಡಿದಿರಲ್ಲ, ಆಗ ಬೊಟ್ಟಿನವು ಕಂಡಿದ್ದವೇ?" ಎಂದು ಕೇಳಿದೆ.

"ಹೆಜ್ಜೆ ಹೆಜ್ಜೆಗೂ ಕಂಡ್ವು. ಕೈ ಮುಗಿದು ಬಿಟ್ವಿ. ಇನ್ನೂರನ್ನ ಬಚಾವ್ ಮಾಡಿದ ಪುಣ್ಯಾತ್ಮ ಅಂತ ನಿನಗೂ ಒಂದು ಕೈ ಮುಗಿದ್ವಿ. ಮೂರು ಮಾತ್ರ ಕೆಸರಲ್ಲಿ ಗೊತ್ತಾಗ್ಲಿಲ್ಲ ನೋಡು. ಅದಕ್ಕೆ ತಪ್ಪುಗಾಣಿಕೆ ಕಟ್ಟಿದೀವಿ."

"ಎಷ್ಟು ಬಿಟ್ಟಿರಿ?"

"ಲೆಕ್ಕ ಯಾರು ಇಟ್ರು. ಮೂವತ್ತೋ ಏನೋ ಇದ್ದಾವು."

ಮೂವತ್ತನ್ನು ಸೇರಿಸಿ ಮತ್ತೆ ಭಾಗಿಸಲು ಕಾಗದ ಬೇಕಿರಲಿಲ್ಲ. ಗುಡ್ಡದಲ್ಲಿ ಇದ್ದದ್ದೇ ಎರಡು ಸಾವಿರ. ಇದ್ದದ್ದರ ಎರಡರಷ್ಟನ್ನು ಹಿಡಿಯಿರಿ ಎಂದು ಸಹಿ ಹಾಕಿ, ಸಿಗಲಿಲ್ಲವೆಂದು ಬಡವರನ್ನು ಬೈದಿದ್ದೆ. ಬೊಟ್ಟಿನವು ಇನ್ನೂರು ಇರಬೇಕಲ್ಲ, ಅವನ್ನಂತೂ ನೀವು ಹಿಡಿದಿಲ್ಲವಲ್ಲ ಎಂದು ದುರುಗಪ್ಪನನ್ನು ಕೇಳಿದೆ. ಅವನು ಸುತ್ತಲ ಬಂಡೆಗಳ ಕಡೆ ಕೈ ಬೀಸಿ ತೋರಿಸಿದ. ಬೇಸಗೆಯಲ್ಲಿ ಉಡ ಪೊರೆ ಬಿಡುತ್ತದೆ. ಪೊರೆಯ ಜೊತೆ ಬೊಟ್ಟೂ ಹೋಗುತ್ತದೆ. ಬೊಟ್ಟು ಹೋದ ಮೇಲೆ ಅದು ಬರೀ ಉಡ. ಅವನ್ನೆಲ್ಲ ನಾನೇ ಕೋಲಿಟ್ಟು ಅಳೆದು ಮುದ್ರೆ ಹಾಕಿ ಕಳಿಸಿದ್ದೆ.

ಆ ಒಂದು ಉಡವನ್ನು ಹಿಡಿಯೋಣವೆಂದು ನಾನು ಎಷ್ಟು ಕೇಳಿಕೊಂಡರೂ ದುರುಗಪ್ಪ ಒಪ್ಪಲಿಲ್ಲ. ಮಗಳ ಹೆರಿಗೆ ಎಂದೆ. "ಮಾದೇವಿ ನನಗೂ ಮಗಳಂಗೆ. ಆದ್ರೆ ಬೊಟ್ಟಿಂದನ್ನ ತಂದು ನಿಲ್ಲಿಸಿದ್ರೂ ಅದು ನೋಡಲ್ಲ. ಅದರ ಕೆಲಸ ಮುಗಿದೈತೆ" ಎಂದ. ನಾನೇ ಕೈ ಹಾಕಿದೆ. ಅದು ಸಂದಿಗೆ ನುಗ್ಗಿ ಮೈ ಉಬ್ಬಿಸಿಕೊಂಡಿತು. ಉಡದ ಪಟ್ಟು ಎಂದು ಸುಮ್ಮನೆ ಹೇಳುವುದಿಲ್ಲ, ಬಾಲ ಹಿಡಿದು ಎಷ್ಟು ಎಳೆದರೂ ಕದಲಲಿಲ್ಲ. ನನ್ನ ಮುಂಗೈಯನ್ನು ಮೊಣಕೈವರೆಗೆ ಬಂಡೆ ತರಚಿತು. ದುರುಗಪ್ಪ ಆ ರಕ್ತವನ್ನೂ ತನ್ನ ಕೈಯ ಬಟ್ಟೆಯನ್ನೂ ನೋಡಿ ಇಳಿಯತೊಡಗಿದ.

ಸಂಜೆಯೇ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು, ಕುರ್ಚಿ ಹಾಕಿಸಿ ಕೂರಿಸಿ ಕೇಳಿದರು. ಕೇಳಿ, ಕಡತ ತೆರೆದು ಓದಿದರು. "ಪರಮೇಶಿಯವರೇ, ಮಿತಿ ನಾಲ್ಕು ಸಾವಿರ. ಇವತ್ತಿನವರೆಗೆ ಹಿಡಿದಿರುವುದು ಸಾವಿರದ ಒಂಬೈನೂರು ಚಿಲ್ಲರೆ. ಮಿತಿ ಮೀರಿಲ್ಲ. ಮೊಟ್ಟೆಯ ತಿಂಗಳಲ್ಲಿ ಯಾರೂ ಗುಡ್ಡ ಹತ್ತಿಲ್ಲ. ಮುದ್ರೆಯಿಲ್ಲದ ಒಂದು ಉಡವೂ ಹೋಗಿಲ್ಲ. ಒಂದು ನಿಯಮವೂ ಮುರಿದಿಲ್ಲ, ನಾನು ಯಾರನ್ನು ತಡೆಯಲಿ?" ಎಂದರು. ನನ್ನ ಎಣಿಕೆಯೇ ತಪ್ಪು ಎಂದೆ. ಹಾಗಾದರೆ ಹೊಸ ಎಣಿಕೆ ಆಗಬೇಕು, ಅದಕ್ಕೆ ಮಳೆಗಾಲ ಮುಗಿಯಬೇಕು, ಅಲ್ಲಿಯವರೆಗೆ ಇರುವ ಮಿತಿಯೇ ಮಿತಿ ಎಂದರು. ಹೊರಡುವಾಗ ನನ್ನ ಕೈ ನೋಡಿ ಗಾಯಕ್ಕೆ ಅರಿಶಿನ ಹಚ್ಚಿಕೊಳ್ಳಿ ಎಂದರು. ಅವರೂ ಹೊರಗಿನವರೇ.

ಎಂಟು ದಿನ ಬಿಟ್ಟು ಬಲೆ, ಹಾರೆ ತೆಗೆದುಕೊಂಡು ನಾನೊಬ್ಬನೇ ಮತ್ತೆ ಆ ಬಂಡೆಗೆ ಹೋದೆ. ಸಂದಿ ಖಾಲಿಯಿತ್ತು. ಬಾಯಲ್ಲಿ ಬಿಳಿಯ ಪೊರೆ ಸಿಕ್ಕಿಕೊಂಡಿತ್ತು. ತಲೆಯ ಭಾಗವನ್ನು ಬಿಡಿಸಿ ನೋಡಿದೆ, ಕೆಂಪು ಬೊಟ್ಟು ಹಾಗೇ ಇತ್ತು. ಓಡಿ ಇಳಿದು ಕಚೇರಿಯ ಕೊಟ್ಟಿಗೆಗೆ ಹೋದೆ. ನನ್ನ ಬದಲು ಆ ವಾರ ಬೇರೊಬ್ಬನನ್ನು ಮುದ್ರೆಗೆ ಕೂರಿಸಿದ್ದರು. ಗುಡ್ಡದ ನೆತ್ತಿಯಿಂದ ತಂದ ಒಂದೂವರೆ ಮೊಳದ್ದು ಬೆಳಿಗ್ಗೆಯ ಲಾರಿಗೆ ಹೋಯಿತು, ಬಹಳ ದಿನದ ಮೇಲೆ ಅಂಥದ್ದು ಬಂದಿತ್ತು ಎಂದು ಅವನು ಖುಷಿಯಿಂದ ಹೇಳಿದ. ಅದೇ ಕೊನೆಯದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅದರ ಮುಂದಿನ ತಿಂಗಳು ಕಚೇರಿಯವರು ಸಾಕಷ್ಟು ಸರಕು ಬರುತ್ತಿಲ್ಲವೆಂದು ಹಿಡಿಯುವ ಕೆಲಸವನ್ನು ನಿಲ್ಲಿಸಿದರು.

ನಾನು ಎಲ್ಲವನ್ನೂ ಈರಕ್ಕನಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಬೊಟ್ಟು ಇಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ" ಎಂದಳು. ಆಮೇಲೆ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾದೇವಿ ಮಾತಾಡುತ್ತಿದ್ದಳು. ಅವಳದು ಚಿಕ್ಕಂದಿನಿಂದಲೂ ಕಡಿಮೆ ಮಾತು, ಕೇಳುವುದೆಲ್ಲ ನೆಟ್ಟಗೆ ಕೇಳುವುದು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ನನ್ನ ಮುಂಗೈಯನ್ನು ಹಿಡಿದು ನೋಡಿದಳು. ಬಂಡೆ ತರಚಿದ ಕಡೆ ಹಕ್ಕಳೆಯೆಲ್ಲ ಉದುರಿ ಹೊಸ ಚರ್ಮ ಬಂದಿತ್ತು. ಬೆರಳಿನಿಂದ ಅದನ್ನು ಸವರಿ ನೋಡಿದಳು.

"ನೀನು ಯಾವ ಊರಲ್ಲಿ ಹುಟ್ಟಿದ್ದಪ್ಪ?" ಎಂದಳು.

ಹೇಳಿದೆ.

"ನಿಮ್ಮಮ್ಮನ ಊರು?"

"ಅವಳು ಬೇರೆ ಕಡೆಯವಳು. ಅವಳು ಎಲ್ಲಿಯವಳಾದರೇನು, ಹುಟ್ಟಿದ ಜಾಗ ತಾನೇ ಲೆಕ್ಕ" ಎಂದೆ. ಹೇಳಿದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ. ಅವಳು ನನ್ನ ಕೈ ಬಿಟ್ಟು ಎದ್ದು ಒಳಗೆ ಹೋದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಗೊತ್ತಾಗದವನ ಹಾಗೆ ಇದ್ದೆ.

ಮೊದಲ ಮಳೆ ಬಂದ ವಾರ, ಬೆಳಗಿನ ಊಟದ ಹೊತ್ತಿಗೆ ನೋವು ಕಾಣಿಸಿಕೊಂಡಿತು. ಹನುಮಕ್ಕ ಬಂದಳು. ಈರಕ್ಕ ಕೋಣೆಯಲ್ಲಿ ಚಾಪೆ ಹಾಸಿ ಕಿಂಡಿಯ ಮುಂದೆ ದೀಪವಿಟ್ಟಳು, ಎಲ್ಲಿಂದಲಾದರೂ ಒಂದು ಬಂದೀತು ಎಂದು. ಮಾದೇವಿ ಕೋಣೆಯ ಹೊಸ್ತಿಲ ಹೊರಗೇ ಗೋಡೆ ಹಿಡಿದು ನಿಂತಳು. "ನಾನು ಒಳಗೆ ಬರಲ್ಲ. ನನ್ನನ್ನ ಊರಿನ ಗಡಿಕಲ್ಲಿನ ಆಚೆ ಕರ್ಕೊಂಡೋಗಿ" ಎಂದಳು. ಈರಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ಹನುಮಕ್ಕನಿಗೆ ಆಯಿತು. ಅವಳು ಮಾದೇವಿಯ ತಲೆ ನೇವರಿಸಿ, "ಅಲ್ಲಿಗೆ ಹೋದ್ರೆ ನಿನಗೇನೂ ಅನುಕೂಲ ಇಲ್ಲ ಮಗಳೇ" ಎಂದಳು. "ಇಲ್ಲಿದ್ರೂ ಇಲ್ವಲ್ಲ ಹನುಮಜ್ಜಿ" ಎಂದಳು ಮಾದೇವಿ. ಈರಕ್ಕ ಆಗ ನೆಲದ ಮೇಲೆ ಕುಳಿತು ತಲೆ ಚಚ್ಚಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ, ಹಣೆ ಒಡೆದೀತೆಂದು.

ಗಡಿಕಲ್ಲು ಒಂದು ಮೈಲಿ. ಗಾಡಿ ಕುಲುಕುತ್ತದೆ ಎಂದು ಮಂಚದಲ್ಲೇ ಹೊತ್ತೆವು. ನಾನು, ಅಳಿಯ ಗಿರಿಯಪ್ಪ, ಇನ್ನಿಬ್ಬರು ಬೇಕಿತ್ತು. ನನ್ನ ಮನೆಗೆ ಯಾರು ಬರುತ್ತಾರೆ ಎಂದುಕೊಂಡೆ. ದುರುಗಪ್ಪ ತನ್ನ ತಮ್ಮನ ಜೊತೆ ಬಂದು, ಕೇಳುವ ಮೊದಲೇ ಎಡಗೈಯಿಂದ ಮಂಚದ ಕಾಲು ಹಿಡಿದ. ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತರು. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ದಾರಿಯಲ್ಲಿ ಮುಳ್ಳು ಕಂಡ ಕಡೆಯೆಲ್ಲ ಯಾರೋ ಮುಂದೆ ಹೋಗಿ ಗುಡಿಸಿದ್ದರು. ಮಾದೇವಿ ಗಂಡನ ಕಡೆ ಕೈ ಚಾಚಿ, ಅವನು ನಡೆಯುತ್ತಲೇ ಹಿಡಿದುಕೊಂಡ ಬೆರಳನ್ನು ಗಡಿಯವರೆಗೂ ಬಿಡಲಿಲ್ಲ.

ಕಲ್ಲು ದಾಟಿ ಇಪ್ಪತ್ತು ಮಾರು ದೂರದಲ್ಲಿ ಒಂದು ಹೊಂಗೆಮರವಿತ್ತು. ಅದರ ಕೆಳಗೆ ಮಂಚ ಇಳಿಸಿ, ಸೀರೆಗಳನ್ನು ಅಡ್ಡ ಕಟ್ಟಿದರು. ಗಂಡಸರು ಈಚೆ ಕುಳಿತೆವು. ಮಳೆ ನಿಂತು ಬಿಸಿಲು ಬಂದಿತ್ತು. ಎರಡು ತಾಸಾದ ಮೇಲೆ ಮಗು ಅತ್ತಿತು. ಆಮೇಲೆ ಹನುಮಕ್ಕ ಸೀರೆ ಸರಿಸಿ ನನ್ನನ್ನು ಕರೆದಳು. ಗಂಡಸರು ಹೋಗುವ ಜಾಗವಲ್ಲ ಎಂದು ಗಿರಿಯಪ್ಪ ಎದ್ದು ನಿಂತ. "ಅಳಿಮಯ್ಯ, ನೀನು ಬಾ" ಎಂದಳು ಮತ್ತೆ. ಒಳಗೆ ಹೋದೆ. ಹೆಣ್ಣು ಮಗು. ಹನುಮಕ್ಕ ಎಣ್ಣೆಬಟ್ಟೆ ಬಿಚ್ಚಿ ಬಾಕನ್ನು ನನ್ನ ಕೈಗಿಟ್ಟಳು. "ನನ್ನ ಕೈಯಲ್ಲಿ ಎರಡು ಹೋಗ್ಯಾವೆ. ಇನ್ನು ಈ ಊರಿನ ಕೈ ಬೇಡ, ನೀನೇ ಕುಯ್ಯಿ" ಎಂದಳು. ಅವಳು ದಾರ ಬಿಗಿದು ತೋರಿಸಿದ ಕಡೆ ನಾನು ಕುಯ್ದೆ.

ಎಲ್ಲರೂ ಹೊಕ್ಕಳನ್ನೇ ನೋಡುತ್ತಿದ್ದೆವು. ಒಂದು ಹನಿ ಬಂತು. ಇನ್ನೊಂದು ಬಂತು. ಮೂರನೆಯದು ದಾರದ ಪಕ್ಕ ಮೂಡಿ, ಅಲ್ಲೇ ನಿಂತು, ನಾವು ನೋಡುತ್ತಿದ್ದ ಹಾಗೇ ಕಪ್ಪಾಯಿತು. ಈರಕ್ಕ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು, ಬೆರಳಿಗೆ ಏನೂ ಹತ್ತಲಿಲ್ಲ. ಅಷ್ಟು ಹೊತ್ತು ಮಾದೇವಿಯ ಕಡೆ ಯಾರೂ ತಿರುಗಿರಲಿಲ್ಲ. ಚಾಪೆ ಪೂರ್ತಿ ತೊಯ್ದು ಮಣ್ಣಿಗೆ ಇಳಿಯುತ್ತಿತ್ತು. ಹನುಮಕ್ಕ ಬಟ್ಟೆ ಒತ್ತುತ್ತಿದ್ದಳು, ಒತ್ತಿದ್ದು ತುಂಬಿದೊಡನೆ ಇನ್ನೊಂದು ಒತ್ತುತ್ತಿದ್ದಳು.

"ಮಗೀನ ಹೊಕ್ಳು ಒಣಗ್ತಾ?" ಎಂದು ಮಾದೇವಿ ಕೇಳಿದಳು.

"ಒಣಗಿತು ಮಗಳೇ."

"ಎತ್ತಿ ತೋರ್ಸು."

ಎತ್ತಿ ತೋರಿಸಿದೆ. ಅವಳು ಮೊದಲು ಹೊಕ್ಕಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಎದೆಯ ಮೇಲೆ ಇಟ್ಟೆ. ಅವಳ ಕೈಯಲ್ಲಿ ಬಲವಿರಲಿಲ್ಲ, ಈರಕ್ಕ ಆ ಕೈಯನ್ನೂ ಮಗುವನ್ನೂ ಸೇರಿಸಿ ಹಿಡಿದುಕೊಂಡಳು. ಗಿರಿಯಪ್ಪನನ್ನು ಒಳಗೆ ಕರೆದರು, ಅವನು ಅವಳ ಪಾದದ ಹತ್ತಿರ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಇವಳು ಊರೊಳಗೇ ಬೆಳೀತಾಳೆ ಅಲ್ವಾ?"

"ಊರೊಳಗೇ ಬೆಳೀತಾಳೆ. ಅವಳಿಗೇನೂ ಆಗಲ್ಲ. ನಾನಿಲ್ವಾ ಇಷ್ಟು ವರ್ಷ" ಎಂದೆ.

"ಅದೇ ಹೇಳಕ್ಕೆ ಬಂದೆ" ಎಂದಳು. ಒಂದೊಂದೇ ಮಾತನ್ನು ತಡೆದು ತಡೆದು ಹೇಳಿದಳು. "ಅವಳಿಗೇನೂ ಆಗಲ್ಲ. ಅದಕ್ಕೆ ನಮಗೆ ಏನು ನೋಯ್ತದೆ ಅಂತ ಅವಳಿಗೆ ಗೊತ್ತಾಗಲ್ಲ. ನಿನಗೂ ಗೊತ್ತಾಗ್ಲಿಲ್ಲ ನೋಡಪ್ಪ. ನೀನು ಹೇಳ್ಕೊಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈದು ಹೇಳಿದ್ದಲ್ಲ, ಮನೆಯ ಕೆಲಸವೊಂದನ್ನು ನನಗೆ ವಹಿಸಿದ ಹಾಗೆ ಹೇಳಿದಳು. ಹೇಳಿಕೊಡುತ್ತೇನೆ ಎಂದೆ. ಬಿಸಿಲು ಹೊಂಗೆಯ ನೆರಳನ್ನು ದಾಟಿ ಮಂಚದ ಮೇಲೆ ಬೀಳುವ ಹೊತ್ತಿಗೆ ಅವಳು ಹೋದಳು. ದುರುಗಪ್ಪ ಮತ್ತೆ ಬಂದು ಎಡಗೈಯಿಂದ ಮಂಚದ ಕಾಲು ಹಿಡಿದ. ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂದು ಹನುಮಕ್ಕ ಸುತ್ತ ನೋಡಿದಳು. ಈರಕ್ಕ ಅದನ್ನು ತೆಗೆದು ನನ್ನ ತೋಳಿಗೆ ಕೊಟ್ಟು, "ನಿಮ್ಮ ಜಾತಿದು" ಎಂದಳು.